ಅನುಮಾನ ಯಾರ ಮೇಲೆ? ಸೈಕಲಾಜಿಕಲ್ ಥ್ರಿಲ್ಲರ್ ನಡೆದು ಬಂದ ದಾರಿ

ಮನಸ್ಸಿನ ಕಾಯಿಲೆ ಇಟ್ಟುಕೊಂಡು ಹೆದರಿಸುವ ಸಿನಿಮಾ ಅಂದಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು 2004ರ 'ಆಪ್ತಮಿತ್ರ'. ಹಳೆಯ ಬಂಗಲೆ, ಬೀಗ ಜಡಿದ ಕೋಣೆ, ಗಂಗಾ ಎಂಬ ಹೆಣ್ಣುಮಗಳು ಒಳಗೊಳಗೇ ಎಂದೋ ಸತ್ತ ನರ್ತಕಿ ನಾಗವಲ್ಲಿ ಆಗುವುದು. ಇದರ ಮೂಲ 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'. ಅಲ್ಲಿ ನಾಗವಲ್ಲಿ ತಮಿಳಿನವಳು, ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. ಮನೆಯ ಹೆಣ್ಣುಮಗಳ ಬಾಯಲ್ಲಿ ಇದ್ದಕ್ಕಿದ್ದಂತೆ ಬೇರೆ ಭಾಷೆ ಬಂದರೆ ನೋಡುವವರು ಬೆಚ್ಚಬೇಕು ಅನ್ನೋದು ಲೆಕ್ಕ.

ಬಳ್ಳಾರಿಯಲ್ಲಿ ಆ ಲೆಕ್ಕ ಅಷ್ಟು ಸಲೀಸಲ್ಲ. ಇಲ್ಲಿ ತೆಲುಗು ಪರಭಾಷೆ ಅಲ್ಲ, ಎಷ್ಟೋ ಜನರ ಮನೆಮಾತು. 'ರಾ ರಾ' ಹಾಡಿನ ಒಂದೊಂದು ಮಾತೂ ಇಲ್ಲಿನವರಿಗೆ ನೇರವಾಗಿ ತಿಳಿಯುತ್ತದೆ. ಹಾಗಿದ್ದೂ ಮೈ ಜುಮ್ಮೆನ್ನುವುದು ತಪ್ಪಲಿಲ್ಲ ಅಂದರೆ ಅದು ಸೌಂದರ್ಯ ಅವರ ಅಭಿನಯದ ಬಲ. ಗಂಡ ಹೊರಗೆ ಹೋಗಬೇಡ ಅಂದಾಗ ಮೊದಲು ದನಿ ಗಡುಸಾಗುತ್ತದೆ. ಆಮೇಲೆ ಕಣ್ಣು ಬದಲಾಗುತ್ತದೆ. ಎದುರಿಗಿರುವವಳು ಯಾರು ಅನ್ನುವ ಅನುಮಾನ ಗಂಡನಿಗೆ ಹುಟ್ಟಿದ ಹೊತ್ತಿಗೇ ನಮಗೂ ಹುಟ್ಟುತ್ತದೆ. ಈ ಜಾತಿಯ ಸಿನಿಮಾದ ಜೀವ ಇರುವುದು ಅಲ್ಲೇ. ಕೊಲೆ, ರಕ್ತ, ಕಿರುಚಾಟ ಎಲ್ಲ ಆಮೇಲಿನ ಮಾತು. ಮೊದಲು ಬೇಕಾದ್ದು ಅನುಮಾನ.

ಈ ಅನುಮಾನಕ್ಕೆ ನೂರು ವರ್ಷದ ಇತಿಹಾಸ ಇದೆ. 1920ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ವೀನೆ ನಿರ್ದೇಶಿಸಿದ 'ಡಾಕ್ಟರ್ ಕ್ಯಾಲಿಗರಿ' ಚಿತ್ರದಲ್ಲಿ ಗೋಡೆ, ಕಿಟಕಿ, ಬೀದಿ ಎಲ್ಲವೂ ವಾರೆವಾರೆ. ನೆರಳನ್ನು ಕೂಡ ಸೆಟ್ಟಿನ ಮೇಲೆ ಬಣ್ಣದಲ್ಲಿ ಬರೆದಿದ್ದರು. ಕೊಪ್ಪಳದ ಮೊರನಾಳದ ಕಲಾವಿದರ ತೊಗಲುಗೊಂಬೆಯಾಟ ನೋಡಿದವರಿಗೆ ಪರದೆಯ ಮೇಲಿನ ಆಕಾರ ಅಸಲಿಗಿಂತ ದೊಡ್ಡದಾಗಿ ಮನಸ್ಸಿಗೆ ನಾಟುವುದು ಹೊಸದೇನಲ್ಲ. ಕ್ಯಾಲಿಗರಿ ಮಾಡಿದ್ದೂ ಅದನ್ನೇ. ಆದರೆ ಕೊನೆಯಲ್ಲಿ ಒಂದು ಪೆಟ್ಟು ಕೊಟ್ಟಿತು. ಇಷ್ಟು ಹೊತ್ತು ಕಥೆ ಹೇಳಿದವನೇ ಹುಚ್ಚಾಸ್ಪತ್ರೆಯ ರೋಗಿ! ಕಥೆ ಹೇಳುವವನನ್ನು ನಂಬಬೇಡಿ, ಡಾಕ್ಟರನ್ನೂ ಪೂರ್ತಿ ನಂಬಬೇಡಿ. ಈ ಎರಡು ಪದ್ಧತಿಗಳೂ ಅಲ್ಲಿಂದಲೇ ಬೆಳೆದವು.

ಮುಂದಿನ ದೊಡ್ಡ ತಿರುವು 'ಗ್ಯಾಸ್‌ಲೈಟ್'. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕ ಇದು. 1944ರ ಹಾಲಿವುಡ್ ಚಿತ್ರಕ್ಕೆ ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಆಸ್ಕರ್ ಬಂತು. ಗಂಡ ಗುಟ್ಟಾಗಿ ಅಟ್ಟಕ್ಕೆ ಹೋಗಿ ಒಡವೆ ಹುಡುಕುತ್ತಾನೆ. ಅಲ್ಲಿ ಗ್ಯಾಸ್ ದೀಪ ಹಚ್ಚಿದಾಗ ಕೆಳಗಿನ ಕೋಣೆಗೆ ಗ್ಯಾಸ್ ಕಡಿಮೆಯಾಗಿ ಹೆಂಡತಿಯ ಮುಂದಿನ ದೀಪ ಸಣ್ಣಗಾಗುತ್ತದೆ. ಅವಳು ಅದನ್ನು ಕಣ್ಣಾರೆ ನೋಡುತ್ತಾಳೆ. ಆದರೆ ನಿನಗೆ ತಲೆ ಸರಿಯಿಲ್ಲ ಅಂತ ಗಂಡ ದಿನವೂ ಹೇಳಿಹೇಳಿ, ಅವಳು ತನ್ನ ಕಣ್ಣನ್ನೇ ನಂಬದ ಹಾಗೆ ಮಾಡುತ್ತಾನೆ. ಇಲ್ಲಿ ಹೆದರಿಸುವುದು ಕಾಯಿಲೆಯಲ್ಲ. ಕಾಯಿಲೆ ಇದೆ ಅಂತ ಒಬ್ಬರ ತಲೆಗೆ ಕಟ್ಟುವ ಇನ್ನೊಬ್ಬರು. ನನ್ನ ಪ್ರಕಾರ ಈ ಜಾತಿಯ ಸಿನಿಮಾಗಳಲ್ಲೆಲ್ಲ ಇದಕ್ಕಿಂತ ನಿಜವಾದ ಭಯ ಬೇರೆ ಇಲ್ಲ.

1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ 'ಸೈಕೋ' ಮಾಡಿದರು. ಆಗ ಅಮೆರಿಕದಲ್ಲಿ ಜನ ಮಧ್ಯದಲ್ಲಿ ಬಂದು ಕೂರುವುದು ಮಾಮೂಲಿ. ಹಿಚ್‌ಕಾಕ್ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂದರು. ಕಾರಣ ಇತ್ತು. ನಾಯಕಿ ಅಂದುಕೊಂಡವಳು ಅರ್ಧ ಸಿನಿಮಾಕ್ಕೂ ಮುಂಚೆ ಸಾಯುತ್ತಾಳೆ! ಆ ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಅವರಿಗೆ ಅನ್ನಿಸಿತ್ತು. ಬರ್ನಾರ್ಡ್ ಹರ್ಮನ್ ಪಿಟೀಲುಗಳ ಕರ್ಕಶ ನಾದ ಮಾಡಿಕೊಟ್ಟು ಮನಸ್ಸು ಬದಲಿಸಿದರು. ಕೆಲಸಗಾರಿಕೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಕೊನೆಯಲ್ಲಿ ಒಬ್ಬ ಮನೋವೈದ್ಯ ನಿಂತು ಕೊಲೆಗಾರನ ಕಾಯಿಲೆಯನ್ನು ಪಾಠದಂತೆ ವಿವರಿಸುತ್ತಾನೆ. ನಕಲು ಮಾಡಿದವರು ಹಿಡಿದುಕೊಂಡಿದ್ದು ಅದನ್ನೇ. ಕೊಲೆ ಯಾಕಾಯಿತು? ಅವನಿಗೆ ಕಾಯಿಲೆ ಇತ್ತು. ಕಥೆ ಮುಗೀತು. ಬರೆಯುವವರಿಗೆ ಸುಲಭ, ಕಾಯಿಲೆ ಇರುವ ಮನೆಯವರಿಗೆ ಶಿಕ್ಷೆ.

ನಮ್ಮ ದೇಶದಲ್ಲಿ ಇನ್ನೊಂದು ಪದ್ಧತಿ ಸೇರಿತು. ಇಂಟರ್ವಲ್. ಅದಕ್ಕೆ ಸರಿಯಾಗಿ ಒಂದು ತಿರುವು ಇಟ್ಟರೆ ಜನ ಹೊರಗೆ ಮಿರ್ಚಿ ತಿನ್ನುತ್ತಾ ಅವನೇ ಇರಬೇಕು, ಇಲ್ಲ ಇವಳೇ ಇರಬೇಕು ಅಂತ ವಾದ ಹಾಕುತ್ತಾರೆ. ಹಾಡು ಮಾತ್ರ ಬಿಗಿಯನ್ನು ಸಡಿಲ ಮಾಡುತ್ತಿತ್ತು. 1989ರಲ್ಲಿ ಸುನಿಲ್ ಕುಮಾರ್ ದೇಸಾಯಿ 'ತರ್ಕ'ದಲ್ಲಿ ಒಂದೂ ಹಾಡು ಇಡಲಿಲ್ಲ.

ಆದರೆ ಕನ್ನಡ ಈ ಭಯವನ್ನು ತನ್ನದೇ ದಾರಿಯಲ್ಲಿ ಮುಟ್ಟಿದ್ದು ಅದಕ್ಕೂ ಮುಂಚೆ, 1971ರ 'ಶರಪಂಜರ'ದಲ್ಲಿ. ಅದನ್ನು ಯಾರೂ ಥ್ರಿಲ್ಲರ್ ಅನ್ನುವುದಿಲ್ಲ, ಅದು ನನಗೆ ಗೊತ್ತು. ಕಾದಂಬರಿ ತ್ರಿವೇಣಿ ಅವರದ್ದು. ಅವರು ಮನಃಶಾಸ್ತ್ರ ಓದಿದವರು. 1963ರಲ್ಲೇ ತೀರಿಕೊಂಡರು, ಸಿನಿಮಾ ನೋಡಲಿಲ್ಲ. ಪುಟ್ಟಣ್ಣ ಕಣಗಾಲ್ ನಿರ್ದೇಶನದಲ್ಲಿ ಕಲ್ಪನಾ ಕಾವೇರಿಯಾದರು. ಬಾಣಂತನದ ಹೊತ್ತಿಗೆ ಮನಸ್ಸು ಕದಡಿ ಆಸ್ಪತ್ರೆ ಸೇರಿದ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ಸಾಮಾನ್ಯ ಥ್ರಿಲ್ಲರ್ ಆಗಿದ್ದರೆ ಕ್ಯಾಮೆರಾ ಅವಳನ್ನೇ ಅನುಮಾನದಿಂದ ನೋಡುತ್ತಿತ್ತು. ಪುಟ್ಟಣ್ಣ ತಿರುಗಿಸಿ ಹಿಡಿದರು. ಈಗ ಅನುಮಾನ ಇರುವುದು ಸುತ್ತಲಿನವರ ಕಣ್ಣಲ್ಲಿ. ನಕ್ಕರೆ ಅನುಮಾನ, ಸಿಟ್ಟು ಬಂದರೆ ಅನುಮಾನ. ಗಂಡ ಇನ್ನೊಬ್ಬಳ ಸಂಗ ಮಾಡಿದ್ದಾನೆ. ವಾಸಿಯಾದವಳನ್ನು ಮನೆಯವರೇ ಮತ್ತೆ ಆಸ್ಪತ್ರೆಯ ದಾರಿ ಹಿಡಿಸುತ್ತಾರೆ. ಎಷ್ಟು ಸಲ ನೋಡಿದರೂ ಆ ಕೊನೆ ಎದೆ ಹಿಂಡುತ್ತದೆ.

'ಆಪ್ತಮಿತ್ರ' ಇಷ್ಟು ದೂರ ಹೋಗುವುದಿಲ್ಲ. ಅಲ್ಲಿ ಇದು ದೆವ್ವ ಅಲ್ಲ, ಕಾಯಿಲೆ ಅಂತ ಡಾಕ್ಟರು ಹೇಳುತ್ತಾರೆ. ಆದರೆ ಗುಣ ಆಗುವುದು ಮಂತ್ರವಾದಿಯ ಜೊತೆ ಸೇರಿ ಆಡಿದ ಆಟದಿಂದ. ಎರಡು ದೋಣಿಯ ಮೇಲೆ ಕಾಲು. ಆದರೂ ಗಂಗಾಳನ್ನು ಅದು ರಾಕ್ಷಸಿ ಮಾಡಲಿಲ್ಲ, ಉಳಿಸಿಕೊಂಡಿತು. 2013ರ 'ಲೂಸಿಯಾ' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ನಿದ್ದೆ ಬಾರದ ಥಿಯೇಟರ್ ಹುಡುಗನೊಬ್ಬ ಮಾತ್ರೆ ತಿಂದು ಕನಸು ಕಾಣುತ್ತಾನೆ, ಯಾವುದು ಕನಸು ಅಂತ ನಾವೇ ತಡಕಾಡಬೇಕು.

ಈ ಮಾತನ್ನು ಬಳ್ಳಾರಿಯಲ್ಲಿ ಕೂತು ಹೇಳುವುದಕ್ಕೆ ಕಾರಣ ಇದೆ. ಮಾನಸಿಕ ಕಾಯಿಲೆಗೆ ದೊಡ್ಡ ಊರಿನ ಆಸ್ಪತ್ರೆಯೊಂದೇ ಗತಿಯಲ್ಲ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಔಷಧಿ ಕೊಡಬಹುದು ಅಂತ ಜಿಲ್ಲೆಯ ಮಟ್ಟದಲ್ಲಿ ತೋರಿಸಿದ್ದು ಇಲ್ಲೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು 20 ಲಕ್ಷ ಜನರ ನಡುವೆ ಈ ಪ್ರಯೋಗ ನಡೆಸಿತು. ಹಳ್ಳಿ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಫಿಟ್ಸ್‌ಗೆ, ಮನಸ್ಸಿನ ಕಾಯಿಲೆಗೆ ಬೇಕಾದ ಮಾತ್ರೆ ಅಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಅದನ್ನು ಇವತ್ತಿಗೂ ಬಳ್ಳಾರಿ ಮಾದರಿ ಅಂತಲೇ ಕರೆಯುತ್ತಾರೆ. ಇಂಥ ಊರಿನ ಪರದೆಯ ಮೇಲೆ ಕಾಯಿಲೆ ಇದ್ದವನೇ ಕೊಲೆಗಾರ ಅನ್ನುವ ಕಥೆ ಮತ್ತೆ ಮತ್ತೆ ಬರುವುದು ನನಗೆ ಸಂಕಟ ಕೊಡುತ್ತದೆ.

ಕಾನೂನು ಸ್ವಲ್ಪ ಮುಂದೆ ಬಂದಿದೆ. ಅಂಗವಿಕಲರನ್ನು ತೆರೆಯ ಮೇಲೆ ಹೇಗೆ ತೋರಿಸಬೇಕು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತು. ಹೀಯಾಳಿಸುವ ಪದ ಬೇಡ, ಕಾಯಿಲೆಯ ವಿವರ ಸರಿಯಾಗಿರಲಿ, ಅವರ ಬಗ್ಗೆ ಬರೆಯುವಾಗ ಅವರನ್ನೂ ಕೇಳಿ ಅಂತ ಹೇಳಿತು. ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಹಾಗೆ ಕೇಳಬೇಕು ಅನ್ನುವ ಚಿತ್ರಕಥೆಗಾರರು ನಮ್ಮ ಕಡೆಯ ಆರೋಗ್ಯ ಕೇಂದ್ರಗಳಿಗೆ ಬರಬಹುದು. ಮಾತ್ರೆ ಕೊಡುವವರೂ ಅಲ್ಲಿದ್ದಾರೆ, ಮಾತ್ರೆ ತೆಗೆದುಕೊಂಡು ಹೊಲಮನೆ ನೋಡಿಕೊಳ್ಳುತ್ತಿರುವವರೂ ಅಲ್ಲಿಗೆ ಬರುತ್ತಾರೆ.