‘ಪಾರ್ಕ್ಸ್ ಆ್ಯಂಡ್ ರಿಕ್ರಿಯೇಷನ್’ ಎರಡನೇ ಸೀಸನ್‌ನಲ್ಲಿ ಅಷ್ಟೊಂದು ಸುಧಾರಿಸಿದ್ದು ಹೇಗೆ?

ಪ್ರಶ್ನೆ: ‘ಪಾರ್ಕ್ಸ್ ಆ್ಯಂಡ್ ರಿಕ್ರಿಯೇಷನ್’ ಧಾರಾವಾಹಿಯನ್ನು ಮೂರು ಕಂತುಗಳಿಗೇ ಬೇಸತ್ತು ಬಿಟ್ಟೆ. ಎರಡನೇ ಸೀಸನ್‌ನಿಂದ ಅದು ಬೇರೆಯೇ ಆಗುತ್ತದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ಬದಲಾದದ್ದೇನು? ಮೊದಲ ಸೀಸನ್ ಬಿಟ್ಟು ಮುಂದಿನದನ್ನೇ ನೋಡಬಹುದೇ?

ಉತ್ತರ: ನನ್ನ ದೃಷ್ಟಿಯಲ್ಲಿ ಮುಖ್ಯವಾಗಿ ಬದಲಾದದ್ದು ನಾಯಕಿ, ಊರಿನ ಉದ್ಯಾನ ಇಲಾಖೆಯ ಅಧಿಕಾರಿ ಲೆಸ್ಲಿ ನೋಪ್‌ಳನ್ನು ಆಕೆಯ ಸಹೋದ್ಯೋಗಿಗಳು ನೋಡುವ ಬಗೆ. ಅದೊಂದು ತಿರುಗಿದ ಮೇಲೆ ಉಳಿದದ್ದೆಲ್ಲ ತಾನಾಗಿ ಅದರ ಹಿಂದೆ ಬಂತು.

ಇದರ ಸೃಷ್ಟಿಕರ್ತರು ಗ್ರೆಗ್ ಡೇನಿಯಲ್ಸ್ ಮತ್ತು ಮೈಕಲ್ ಶೂರ್. ಬ್ರಿಟನ್ನಿನ ಹಾಸ್ಯ ಧಾರಾವಾಹಿ ‘ದಿ ಆಫೀಸ್’ ಅನ್ನು ಅಮೆರಿಕಕ್ಕೆ ಒಗ್ಗಿಸಿದವರು ಡೇನಿಯಲ್ಸ್. ಶೂರ್ ಅಲ್ಲಿ ಬರಹಗಾರರಾಗಿದ್ದರು. ಪಾತ್ರಗಳು ಕ್ಯಾಮೆರಾದತ್ತ ತಿರುಗಿ ಮಾತನಾಡುವ ಸಾಕ್ಷ್ಯಚಿತ್ರದ ಧಾಟಿಯ ಜೊತೆಗೆ, ತನ್ನ ಪೆದ್ದುತನ ತನಗೇ ತಿಳಿಯದ ಮೇಲಧಿಕಾರಿಯ ಅಚ್ಚೂ ಅಲ್ಲಿಂದ ಇಲ್ಲಿಗೆ ಹರಿದುಬಂತು. 2009ರ ಏಪ್ರಿಲ್ 9ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ ಮೊದಲ ಸೀಸನ್‌ನಲ್ಲಿ ಇದ್ದದ್ದು ಆರೇ ಕಂತುಗಳು. ಇಂಡಿಯಾನಾದ ಪಾನೀ ಎಂಬ ಕಲ್ಪಿತ ಊರಿನಲ್ಲಿ ಒಂದು ಹಳ್ಳವನ್ನು ಮುಚ್ಚಿ ಉದ್ಯಾನ ಮಾಡಬೇಕೆಂದು ಲೆಸ್ಲಿ ಒದ್ದಾಡುತ್ತಾಳೆ, ಉಳಿದವರು ಕಣ್ಣು ಹೊರಳಿಸುತ್ತಾರೆ. ಏಮಿ ಪೋಲರ್ ಅವರಂತಹ ಕಲಾವಿದೆ ಮುಂದಿದ್ದರೂ, ನಗಬೇಕಾದ ಕಡೆ ನಮಗೆ ಅವಳ ಬಗ್ಗೆ ಕನಿಕರವೇ ಹೆಚ್ಚಾಗುತ್ತದೆ.

ಸೆಪ್ಟೆಂಬರ್ 17ರಂದು ಎರಡನೇ ಸೀಸನ್ ಶುರುವಾದಾಗಲೂ ಲೆಸ್ಲಿಯ ಉತ್ಸಾಹ ಎಳ್ಳಷ್ಟೂ ಕುಗ್ಗಿರಲಿಲ್ಲ. ಆದರೆ ಈಗ ಅವಳು ಕೆಲಸ ಬಲ್ಲವಳು, ಮತ್ತು ಅದನ್ನು ಇತರರೂ ಮನಗಂಡಿದ್ದಾರೆ. ಮೊದಲ ಕಂತಿನಲ್ಲೇ ಅವಳು ಮೃಗಾಲಯದಲ್ಲಿ ಎರಡು ಪೆಂಗ್ವಿನ್‌ಗಳಿಗೆ ಮದುವೆ ಮಾಡಿಸುತ್ತಾಳೆ, ಅವೆರಡೂ ಗಂಡು ಎಂದು ಆಮೇಲೆ ಗೊತ್ತಾಗಿ ಊರಿಗೆ ಊರೇ ಗದ್ದಲವೆಬ್ಬಿಸುತ್ತದೆ. ಇಲ್ಲಿ ನಗೆ ಹುಟ್ಟುವುದು ಅವಳ ದಡ್ಡತನಕ್ಕಿಂತ ಹೆಚ್ಚಾಗಿ ಊರಿನ ವಿಲಕ್ಷಣತೆಯಿಂದ. ಬದಲಾವಣೆಯನ್ನು ಒಂದೇ ಕಂತಿನಲ್ಲಿ ಕಾಣಬೇಕೆಂದರೆ ‘ಹಂಟಿಂಗ್ ಟ್ರಿಪ್’ ನೋಡಿ. ಬೇಟೆಗೆ ಹೋದಾಗ ಇಲಾಖೆಯ ಮುಖ್ಯಸ್ಥ ರಾನ್ ಸ್ವಾನ್ಸನ್‌ನ ತಲೆಗೆ ಗುಂಡಿನ ಚೂರುಗಳು ತಗಲುತ್ತವೆ. ಹಾರಿಸಿದವನು ಬೇಟೆಯ ಪರವಾನಗಿಯಿಲ್ಲದ ಸಹೋದ್ಯೋಗಿ ಟಾಮ್, ತಪ್ಪನ್ನು ಮೈಮೇಲೆ ಎಳೆದುಕೊಳ್ಳುವವಳು ಲೆಸ್ಲಿ. ಸರಕಾರವೇ ಇರಬಾರದೆನ್ನುವ ರಾನ್‌ಗೂ ಸರಕಾರವನ್ನೇ ಉಸಿರಾಡುವ ಲೆಸ್ಲಿಗೂ ನಡುವಿನ ಪರಸ್ಪರ ಗೌರವವೇ ಇಡೀ ಧಾರಾವಾಹಿಯ ಬೆನ್ನೆಲುಬು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಕಾರಣ ಅವಕಾಶ. ಈ ಸೀಸನ್‌ನಲ್ಲಿ 24 ಕಂತುಗಳಿದ್ದುದರಿಂದ ಯಾವ ನಟನಿಗೆ ಏನು ಒಪ್ಪುತ್ತದೆ ಎಂದು ಪರೀಕ್ಷಿಸಲು ಬರಹಗಾರರಿಗೆ ಬಿಡುವು ಸಿಕ್ಕಿತು. ಕ್ರಿಸ್ ಪ್ರ್ಯಾಟ್ ಅವರ ಆ್ಯಂಡಿ ಮೂಲತಃ ಕೆಲವೇ ಕಂತುಗಳಲ್ಲಿ ಮುಗಿಯಬೇಕಿದ್ದ ಪಾತ್ರ. ಅದು ಕಾಯಂ ಆಯಿತು. ಇದಕ್ಕೆ ವ್ಯತಿರಿಕ್ತವಾಗಿ, ಲೆಸ್ಲಿ ಮೆಚ್ಚಿಕೊಂಡಿದ್ದ ಮಾರ್ಕ್ ಎಂಬ ಪಾತ್ರ ಎಷ್ಟು ತಿದ್ದಿದರೂ ಬಣ್ಣ ಹಿಡಿಯಲಿಲ್ಲ, ಸೀಸನ್ನಿನ ಕೊನೆಗೆ ನಿರ್ಗಮಿಸಿತು. ಮುಂದೆ ತಂಡದ ಭಾಗವಾದ ನಟರಾದ ಆ್ಯಡಮ್ ಸ್ಕಾಟ್ ಮತ್ತು ರಾಬ್ ಲೋ ಬಂದದ್ದು ಅದರ ಹಿಂದಿನ ಕಂತಿನಲ್ಲಿ, ಆದ್ದರಿಂದ ಸುಧಾರಣೆಯ ಶ್ರೇಯಸ್ಸನ್ನು ಅವರಿಬ್ಬರಿಗೇ ಕಟ್ಟುವವರ ಲೆಕ್ಕ ಸ್ವಲ್ಪ ತಪ್ಪುತ್ತದೆ.

ಬಿಟ್ಟು ನೋಡಬಹುದೇ? ನೋಡಬಹುದು, ಆದರೆ ಮೊದಲ ಮತ್ತು ಆರನೆಯ ಕಂತುಗಳನ್ನು ಬಿಡಬೇಡಿ. ಹಳ್ಳಕ್ಕೆ ಬಿದ್ದು ಎರಡೂ ಕಾಲು ಮುರಿದುಕೊಂಡ ಆ್ಯಂಡಿ, ಪ್ಲಾಸ್ಟರ್ ಮೊದಲೇ ತೆಗೆಸಬಹುದಿತ್ತು ಎಂಬುದನ್ನು ಗೆಳತಿಯಿಂದ ಮುಚ್ಚಿಟ್ಟು ಸೇವೆ ಮಾಡಿಸಿಕೊಂಡದ್ದು ಹೊರಬೀಳುವುದು ಆ ಆರನೆಯದರಲ್ಲೇ. ಮುಂದಿನ ಸೀಸನ್‌ನಲ್ಲಿ ಅವನು ಅದೇ ಹಳ್ಳದೊಳಗೆ ಗುಡಾರ ಹಾಕಿ ವಾಸಿಸುವುದನ್ನು ಕಂಡಾಗ ನಗು ಬರಬೇಕಾದರೆ ಇಷ್ಟು ಹಿನ್ನೆಲೆ ತಿಳಿದಿರಬೇಕು.