ಎರಡು ದೇಶಗಳ ಬದುಕನ್ನು ಹೋಲಿಸುವಾಗ: ಜೀವನಮಟ್ಟವೇ ಬೇರೆ, ಬದುಕಿನ ಗುಣಮಟ್ಟವೇ ಬೇರೆ

ಜೀವನಮಟ್ಟ ಮತ್ತು ಬದುಕಿನ ಗುಣಮಟ್ಟ ಎಂಬ ಎರಡು ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸಿ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಮೊದಮೊದಲು ನಾನೂ ಹಾಗೆಯೇ ಬರೆಯುತ್ತಿದ್ದೆ. ಜೀವನಮಟ್ಟವು ಒಂದು ದೇಶದ ಜನರ ಕೈಗೆ ಎಷ್ಟು ಸರಕು, ಎಷ್ಟು ಸೇವೆ ಸಿಗುತ್ತದೆ ಎಂಬುದನ್ನು ಹೇಳುತ್ತದೆ. ಅದನ್ನು ಬಳಸಿಕೊಂಡು ಅವರು ಎಷ್ಟು ವರ್ಷ, ಎಷ್ಟು ಆರೋಗ್ಯವಾಗಿ, ಎಷ್ಟು ಬಿಡುವಿನಿಂದ, ಎಷ್ಟು ನಿರ್ಭಯವಾಗಿ ಬಾಳುತ್ತಾರೆ ಎಂಬುದು ಬದುಕಿನ ಗುಣಮಟ್ಟದ ಪ್ರಶ್ನೆ. ಈ ಟಿಪ್ಪಣಿಯಲ್ಲಿ ಅಮೆರಿಕ ಮತ್ತು ಮಧ್ಯ ಅಮೆರಿಕ ಭಾಗದ ಚಿಕ್ಕ ದೇಶವಾದ ಕೋಸ್ಟರಿಕಾ, ಈ ಜೋಡಿಯನ್ನು ಆರಿಸಿಕೊಂಡಿದ್ದೇನೆ. ಅಳತೆಗೋಲು ಬದಲಾದಂತೆ ಈ ಎರಡರಲ್ಲಿ ಮುಂದೆ ನಿಲ್ಲುವ ದೇಶವೂ ಬದಲಾಗುವುದರಿಂದ, ಯಾವ ಅಳತೆ ಯಾವ ಪ್ರಶ್ನೆಗೆ ಉತ್ತರಿಸುತ್ತದೆ ಎಂಬುದು ಈ ಜೋಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೋಲಿಕೆ ಸಾಮಾನ್ಯವಾಗಿ ತಲಾ ಜಿಡಿಪಿಯಿಂದ, ಅಂದರೆ ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಎಲ್ಲ ಸರಕು-ಸೇವೆಗಳ ಒಟ್ಟು ಬೆಲೆಯನ್ನು ಜನಸಂಖ್ಯೆಯಿಂದ ಭಾಗಿಸಿದ ಮೊತ್ತದಿಂದ, ಆರಂಭವಾಗುತ್ತದೆ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಈ ಮೊತ್ತದಿಂದ ಜನರ ಯೋಗಕ್ಷೇಮವನ್ನು ತೀರ್ಮಾನಿಸಲಾಗದು ಎಂದು ಎಚ್ಚರಿಸಿದ್ದರು. ಆದರೂ ಜೀವನಮಟ್ಟದ ಮಟ್ಟಿಗೆ ಇದು ಉಪಯುಕ್ತ ಅಳತೆ. ಎರಡು ದೇಶಗಳ ನಾಣ್ಯಗಳನ್ನು ಒಂದೇ ನಾಣ್ಯಕ್ಕೆ ಪರಿವರ್ತಿಸುವ ಹಂತದಲ್ಲಿ ಮಾತ್ರ ತೊಡಕು ಎದುರಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

‘ಕ’ ದೇಶದ 1 ನಾಣ್ಯಕ್ಕೆ ವಿನಿಮಯ ಮಾರುಕಟ್ಟೆಯಲ್ಲಿ ‘ಖ’ ದೇಶದ 50 ನಾಣ್ಯ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಮೊಬೈಲ್ ಫೋನಿಗೆ ‘ಕ’ದಲ್ಲಿ 500, ‘ಖ’ದಲ್ಲಿ 25,000; ಅಂದರೆ ವಿನಿಮಯ ದರದಂತೆ ಎರಡೂ ಕಡೆ ಒಂದೇ ಬೆಲೆ. ಆದರೆ ಕ್ಷೌರಕ್ಕೆ ‘ಕ’ದಲ್ಲಿ 20, ‘ಖ’ದಲ್ಲಿ 200. ವಿನಿಮಯ ದರವನ್ನೇ ನಂಬಿದರೆ ‘ಖ’ದಲ್ಲಿ ನಡೆದ ಕ್ಷೌರದ ಬೆಲೆ ಕೇವಲ 4 ನಾಣ್ಯವೆಂದು ಲೆಕ್ಕಕ್ಕೆ ಬರುತ್ತದೆ. ಅದೇ ಕತ್ತರಿ, ಅದೇ ಕೆಲಸ, ಆದರೂ ಐದನೇ ಒಂದು ಪಾಲಿನ ಬೆಲೆ. ಫೋನನ್ನು ಹಡಗಿನಲ್ಲಿ ಸಾಗಿಸಬಹುದು, ಕ್ಷೌರವನ್ನು ಸಾಗಿಸಲಾಗದು. ಹಾಗಾಗಿ ಕೂಲಿ ಕಡಿಮೆಯಿರುವ ದೇಶದಲ್ಲಿ ಸೇವೆಗಳು ಅಗ್ಗವಾಗಿಯೇ ಉಳಿಯುತ್ತವೆ. ಈ ಕಾರಣವನ್ನು ಅರ್ಥಶಾಸ್ತ್ರಜ್ಞರಾದ ಬಲಾಸಾ ಮತ್ತು ಸ್ಯಾಮುಯೆಲ್ಸನ್ 1964ರಲ್ಲಿ ಬೇರೆಬೇರೆಯಾಗಿಯೇ ವಿವರಿಸಿದರು. ಕೊಳ್ಳುವ ಶಕ್ತಿಯ ಸಮಾನತೆ, ಅಂದರೆ ಪಿಪಿಪಿ, ಇಂಥ ನೂರಾರು ಬೆಲೆಗಳನ್ನು ಜನರ ಖರ್ಚಿನ ಪಾಲಿಗೆ ತಕ್ಕಂತೆ ಸೇರಿಸಿ ಬೇರೊಂದು ದರವನ್ನು ಕಂಡುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಆ ದರ 25 ಎಂದು ಬಂದರೆ, ‘ಖ’ದಲ್ಲಿ 2,50,000 ಗಳಿಸುವವನ ಆದಾಯ ವಿನಿಮಯ ದರದಂತೆ 5,000 ಆದರೂ ಪಿಪಿಪಿಯಂತೆ 10,000 ಆಗುತ್ತದೆ. ಈ ಬೆಲೆಗಳನ್ನು ಸಂಗ್ರಹಿಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ 1968ರಲ್ಲಿ ಆರಂಭವಾಯಿತು. ಈಗ ವಿಶ್ವಬ್ಯಾಂಕ್ ಅದನ್ನು ನಡೆಸುತ್ತಿದೆ.

ನಮ್ಮ ಜೋಡಿಗೆ ಇದನ್ನು ಅನ್ವಯಿಸೋಣ. 2023ರಲ್ಲಿ ಕೋಸ್ಟರಿಕಾದ ತಲಾ ಜಿಡಿಪಿ ವಿನಿಮಯ ದರದಂತೆ ಅಮೆರಿಕದ ಐದನೇ ಒಂದು ಭಾಗದಷ್ಟಿತ್ತು, ಪಿಪಿಪಿಯಂತೆ ಮೂರನೇ ಒಂದು ಭಾಗದ ಹತ್ತಿರವಿತ್ತು. ಅಂತರ ಕುಗ್ಗಿತು, ಆದರೆ ಅಮೆರಿಕವೇ ಮುಂದಿದೆ.

ತಲಾ ಎಂಬ ಪದದಲ್ಲಿ ಸರಾಸರಿಯ ಮೋಸವೂ ಅಡಗಿದೆ. 2015ರಲ್ಲಿ ಐರ್ಲೆಂಡಿನ ಜಿಡಿಪಿ ಒಂದೇ ವರ್ಷದಲ್ಲಿ ನಾಲ್ಕನೇ ಒಂದು ಭಾಗದಷ್ಟು ಏರಿತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟಿನಂಥ ಆಸ್ತಿಗಳನ್ನು ಅಲ್ಲಿನ ಲೆಕ್ಕಕ್ಕೆ ವರ್ಗಾಯಿಸಿದ್ದೇ ಅದಕ್ಕೆ ಮುಖ್ಯ ಕಾರಣ, ಜನರ ಮನೆಗಳಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಆದಾಯದ ಹಂಚಿಕೆಯನ್ನು ಗಿನಿ ಗುಣಾಂಕ ತೋರಿಸುತ್ತದೆ: ಎಲ್ಲರಿಗೂ ಸಮಪಾಲಾದರೆ 0, ಎಲ್ಲವೂ ಒಬ್ಬನ ಪಾಲಾದರೆ 1. ಕೋಸ್ಟರಿಕಾವನ್ನು ಆದರ್ಶ ದೇಶವೆಂದು ಹೊಗಳಲು ಹೊರಟವರು ಇಲ್ಲಿ ತಡೆಯಬೇಕಾಗುತ್ತದೆ, ಏಕೆಂದರೆ ಅದರ ಗಿನಿ ಅಮೆರಿಕದ ಗಿನಿಗಿಂತ ಹೆಚ್ಚಿದೆ.

ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ, ಅಮರ್ತ್ಯ ಸೇನ್ ಅವರ ಚಿಂತನೆಯ ನೆರವಿನೊಂದಿಗೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಹೊರತಂದಿತು. ಆಯುಷ್ಯ, ಶಿಕ್ಷಣ, ಆದಾಯ ಇದರ ಮೂರು ಅಂಗಗಳು ಎಂಬುದು ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಅವುಗಳನ್ನು ಹೇಗೆ ಸೇರಿಸುತ್ತಾರೆ ಎಂಬುದನ್ನು ಮಾತ್ರ ಹೆಚ್ಚಿನವರು ಓದುವುದಿಲ್ಲ. 2010ರಿಂದ ಗುಣೋತ್ತರ ಮಾಧ್ಯವನ್ನು, ಅಂದರೆ ಮೂರೂ ಅಂಕಗಳನ್ನು ಗುಣಿಸಿ ತೆಗೆದ ಘನಮೂಲವನ್ನು, ಬಳಸಲಾಗುತ್ತಿದೆ. ಮೂರು ಅಂಗಗಳಲ್ಲಿ 0.9, 0.9, 0.3 ಬಂದ ದೇಶಕ್ಕೆ ಸಾದಾ ಸರಾಸರಿ 0.7 ಕೊಡುತ್ತದೆ, ಗುಣೋತ್ತರ ಮಾಧ್ಯ ಸುಮಾರು 0.62 ಮಾತ್ರ ಕೊಡುತ್ತದೆ. ಒಂದು ಅಂಗದ ಸೊರಗನ್ನು ಇನ್ನೆರಡರ ಪುಷ್ಟಿಯಿಂದ ಪೂರ್ತಿ ಮುಚ್ಚಿಹಾಕಲಾಗದು ಎಂಬುದೇ ಇದರ ಆಶಯ. ಆದಾಯಕ್ಕೆ ಲಾಗರಿದಮ್ (ಎಷ್ಟು ಏರಿತು ಎನ್ನುವುದಕ್ಕಿಂತ ಎಷ್ಟು ಪಟ್ಟು ಏರಿತು ಎಂಬುದನ್ನು ಅಳೆಯುವ ಗಣಿತ ಕ್ರಮ) ಹಚ್ಚುವುದರಿಂದ, ತಲಾ ಆದಾಯ 1,000 ಡಾಲರಿನಿಂದ 2,000ಕ್ಕೆ ಏರಿದಾಗ ಆದಾಯದ ಅಂಗ ಸುಮಾರು 0.105ರಷ್ಟು ಮೇಲೇರಿದರೆ, 50,000ದಿಂದ 51,000ಕ್ಕೆ ಏರಿದಾಗ 0.003ರಷ್ಟು ಮಾತ್ರ ಏರುತ್ತದೆ. ಬಡವನಿಗೆ ಸಿಕ್ಕ ಸಾವಿರಕ್ಕೆ ಇರುವ ತೂಕ ಸಿರಿವಂತನ ಸಾವಿರಕ್ಕೆ ಇಲ್ಲ ಎಂಬ ತೀರ್ಪು ಸೂತ್ರದೊಳಗೇ ಇದೆ. ಈ ಸೂಚ್ಯಂಕದಲ್ಲಿ ಅಮೆರಿಕ 0.9ರ ಮೇಲಿದೆ, ಕೋಸ್ಟರಿಕಾ 0.8ನ್ನು ದಾಟಿದೆ.

ಒಟ್ಟು ಅಂಕವನ್ನು ಬಿಟ್ಟು ಆಯುಷ್ಯವನ್ನಷ್ಟೇ ನೋಡಿದರೆ ಚಿತ್ರ ತಿರುಗುತ್ತದೆ. ಮೂರನೇ ಒಂದು ಭಾಗದ ಆದಾಯವಿರುವ ಕೋಸ್ಟರಿಕಾದಲ್ಲಿ ನಿರೀಕ್ಷಿತ ಆಯುಷ್ಯ ಹಲವು ವರ್ಷಗಳಿಂದ ಅಮೆರಿಕಕ್ಕಿಂತ ತುಸು ಹೆಚ್ಚೇ ಇದೆ. 1941ರಲ್ಲಿ ಸ್ಥಾಪನೆಯಾದ ಸಾಮಾಜಿಕ ಭದ್ರತಾ ನಿಧಿ ಅಲ್ಲಿ ಆರೋಗ್ಯ ಸೇವೆಯ ಬೆನ್ನೆಲುಬು. 1948ರಲ್ಲಿ ಆ ದೇಶ ಸೈನ್ಯವನ್ನೇ ರದ್ದುಪಡಿಸಿದ್ದರಿಂದ ಅದರ ಖರ್ಚೂ ಉಳಿಯಿತು. 1990ರ ದಶಕದ ಮಧ್ಯಭಾಗದಿಂದ ವೈದ್ಯರು, ದಾದಿಯರು ಮತ್ತು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಇರುವ ಚಿಕ್ಕ ತಂಡಗಳಿಗೆ ಒಂದೊಂದು ಪ್ರದೇಶದ ಹೊಣೆ ಒಪ್ಪಿಸಲಾಯಿತು. ಹಣವೆಷ್ಟಿದೆ ಎಂಬುದರಷ್ಟೇ ಅದು ಯಾವುದಕ್ಕೆ ಖರ್ಚಾಗುತ್ತದೆ ಎಂಬುದೂ ಮುಖ್ಯವೆಂದು ಬರೆಯುವಾಗ ಈ ತಂಡಗಳನ್ನು ಉದಾಹರಿಸಿದರೆ ಉತ್ತರಕ್ಕೆ ಗಟ್ಟಿತನ ಬರುತ್ತದೆ.

ಸೂಚ್ಯಂಕದ ಹೊರಗೆ ಉಳಿಯುವ ಸಂಗತಿಗಳಲ್ಲಿ ಬಿಡುವು ಒಂದು. ಜರ್ಮನಿಯ ಕೆಲಸಗಾರ ವರ್ಷಕ್ಕೆ ಸರಾಸರಿ ಸುಮಾರು 1,350 ಗಂಟೆ ದುಡಿದರೆ ಅಮೆರಿಕದವನು 1,800ರ ಆಸುಪಾಸು ದುಡಿಯುತ್ತಾನೆ. ಉಳಿದ ಗಂಟೆಗಳಿಗೆ ಜಿಡಿಪಿಯಲ್ಲಿ ಬೆಲೆಯಿಲ್ಲ. ಸುರಕ್ಷತೆ ಇನ್ನೊಂದು: 2023ರಲ್ಲಿ ಕೋಸ್ಟರಿಕಾದಲ್ಲಿ ಲಕ್ಷ ಜನರಿಗೆ ಸುಮಾರು 17 ಕೊಲೆಗಳು ನಡೆದಿದ್ದು, ಅದು ಅಮೆರಿಕದ ಪ್ರಮಾಣದ ಎರಡು ಪಟ್ಟಿಗೂ ಹೆಚ್ಚು.

ಕೊನೆಯದಾಗಿ, ಜನರನ್ನೇ ಕೇಳುವ ಅಳತೆಯೊಂದಿದೆ. ವಿಶ್ವ ಸಂತೋಷ ವರದಿಗಾಗಿ ಬಳಸುವ ಸಮೀಕ್ಷೆಯಲ್ಲಿ, 0ಯಿಂದ 10ರವರೆಗಿನ ಏಣಿಯ ತುದಿ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕಾದರೆ ನೀವು ಈಗ ಯಾವ ಮೆಟ್ಟಿಲ ಮೇಲಿದ್ದೀರಿ ಎಂದು ಕೇಳುತ್ತಾರೆ. ಮೂರು ವರ್ಷಗಳ ಉತ್ತರಗಳ ಸರಾಸರಿಯನ್ನು ಆಧರಿಸಿದ 2025ರ ಪಟ್ಟಿಯಲ್ಲಿ ಕೋಸ್ಟರಿಕಾ 6ನೇ ಸ್ಥಾನದಲ್ಲಿತ್ತು, ಅಮೆರಿಕ 24ನೇ ಸ್ಥಾನದಲ್ಲಿತ್ತು. ಆದರೆ ಏಣಿಯ ತುದಿ ಎಲ್ಲಿದೆ ಎಂಬುದನ್ನು ಉತ್ತರಿಸುವವರೇ ನಿರ್ಧರಿಸುವುದರಿಂದ, ಈ ಸ್ಥಾನಗಳನ್ನು ಆದಾಯದ ಅಂಕಿಗಳ ಜೊತೆ ಒಂದೇ ಕೋಷ್ಟಕದಲ್ಲಿಟ್ಟು ಕೂಡಿಸಬಾರದು. ಪಕ್ಕದಲ್ಲಿ ಬೇರೆಯೇ ಸಾಲಿನಲ್ಲಿ ಬರೆಯಬೇಕು.