ಅಳದ ಮಗು ಗಟ್ಟಿ ಮಗುವಾ? ಬಾಂಧವ್ಯದ ಪಾಠದ ಟಿಪ್ಪಣಿ

ಮನೋವಿಜ್ಞಾನದಲ್ಲಿ ಬಾಂಧವ್ಯದ ಪಾಠ, ಅಂದರೆ ಮಗು ತನ್ನನ್ನು ನೋಡಿಕೊಳ್ಳುವವರನ್ನು ಹಚ್ಚಿಕೊಳ್ಳುವ ಬಗ್ಗೆ ಒಂದು ಪಾಠ ಇದೆ. ಅದರಲ್ಲಿ ನಮ್ಮಲ್ಲಿ ತುಂಬಾ ಜನ ಒಂದೇ ಕಡೆ ಎಡವುತ್ತೇವೆ. 'ಅಮ್ಮ ಬಿಟ್ಟು ಹೋದರೂ ಅಳದ ಮಗುವೇ ಗಟ್ಟಿ ಮನಸ್ಸಿನದು' ಎಂದು ಬರೆದುಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಈ ಭಾಗವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಹಾಲು ಕೊಡುತ್ತಾಳೆ, ಅದಕ್ಕೇ ಮಗು ತಾಯಿಯನ್ನು ಹಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇದನ್ನು ಒಪ್ಪಲಿಲ್ಲ. ಆಸರೆಯ ಆಸೆಯೂ ಹಸಿವಿನ ಹಾಗೆ ಹುಟ್ಟಿನಿಂದಲೇ ಬಂದದ್ದು ಎಂದರು. 1958ರಲ್ಲಿ ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ಪ್ರಕಟಿಸಿದ ಪ್ರಯೋಗವೂ ಅದನ್ನೇ ಹೇಳಿತು. ಕೋತಿಮರಿಗಳ ಬಳಿ ಎರಡು ಗೊಂಬೆ 'ಅಮ್ಮ'ಂದಿರನ್ನು ಇಟ್ಟಿದ್ದರು, ಒಂದು ಬರೀ ತಂತಿಯದು, ಇನ್ನೊಂದು ಬಟ್ಟೆ ಸುತ್ತಿದ್ದು. ಹಾಲಿನ ಬಾಟಲಿ ತಂತಿಯ 'ಅಮ್ಮ'ನಲ್ಲೇ ಇದ್ದರೂ ಮರಿಗಳು ಬಟ್ಟೆ ಸುತ್ತಿದ 'ಅಮ್ಮ'ನನ್ನು ತಬ್ಬಿಕೊಂಡೇ ಜಾಸ್ತಿ ಹೊತ್ತು ಕಳೆದವು. ಹುಟ್ಟಿದ ಕೂಡಲೇ ತಾಯಿಯಿಂದ ಅಗಲಿಸಿದ ಮರಿಗಳವು. ಓದುವಾಗ ಸಂಕಟವಾಗುತ್ತದೆ.

ಈಗ ಮುಖ್ಯ ಭಾಗ. ಮನೋವಿಜ್ಞಾನಿ ಮೇರಿ ಏನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡಾದಲ್ಲಿ ಮನೆಮನೆಗೆ ಹೋಗಿ ತಾಯಿ-ಮಕ್ಕಳನ್ನು ಗಮನಿಸಿದವರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ 'ಸ್ಟ್ರೇಂಜ್ ಸಿಚುಯೇಶನ್' (ಅಪರಿಚಿತ ಸನ್ನಿವೇಶ) ಎಂಬ ಪರೀಕ್ಷೆ ರೂಪಿಸಿದರು. ಒಂದು ವರ್ಷ ಆಸುಪಾಸಿನ ಮಗು, ಆಟಿಕೆ ಇರುವ ಕೋಣೆ. ಅಪರಿಚಿತರೊಬ್ಬರು ಬರುತ್ತಾರೆ. ತಾಯಿ ಹೊರಗೆ ಹೋಗಿ ಬರುತ್ತಾಳೆ, ಹೀಗೆ ಎರಡು ಸಲ. ಎಲ್ಲಾ ಸೇರಿ ಸುಮಾರು 20 ನಿಮಿಷ.

ತಾಯಿ ಹೋದಾಗ ಮಗು ಅತ್ತಿತೋ ಇಲ್ಲವೋ ಎನ್ನುವುದಕ್ಕಿಂತ, ಅವಳು ವಾಪಸ್ ಬಂದಾಗ ಏನು ಮಾಡಿತು ಎನ್ನುವುದೇ ಇಲ್ಲಿ ಮುಖ್ಯ. ಅಮ್ಮನ ಮೇಲೆ ಭರವಸೆ ಇರುವ, ಅಂದರೆ ಸುರಕ್ಷಿತ ಬಾಂಧವ್ಯದ ಮಗು ಅತ್ತಿರಬಹುದು. ಆದರೆ ಅಮ್ಮ ಎತ್ತಿಕೊಂಡರೆ ಸಮಾಧಾನವಾಗಿ ಮತ್ತೆ ಆಟಕ್ಕೆ ಹೋಗುತ್ತದೆ. ಇನ್ನೊಂದು ಬಗೆಯ ಮಗು ತಬ್ಬಿಕೊಳ್ಳುತ್ತದೆ, ಸಿಟ್ಟಿನಿಂದ ತಳ್ಳುತ್ತದೆ, ಸಮಾಧಾನವೇ ಆಗುವುದಿಲ್ಲ. ಮೂರನೆಯದು ಅಮ್ಮನ ಕಡೆ ತಿರುಗಿಯೂ ನೋಡದೆ ಸುಮ್ನೆ ಆಡುತ್ತಿರುತ್ತದೆ. ನಾವು 'ಗಟ್ಟಿ' ಎಂದು ಹೊಗಳುವುದು ಇದನ್ನೇ ಅಲ್ವಾ? ಮುಂದೆ ಬೇರೆ ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದರು. ಅದು ಏರಿತ್ತು. ಒಳಗೆ ದುಗುಡ ಇತ್ತು, ಮಗು ಅದನ್ನು ತೋರಿಸುತ್ತಿರಲಿಲ್ಲ.

ಮಗು ಹೀಗೆ ಅಡಗಿಸಿಡುವುದನ್ನು ಎಲ್ಲಿ ಕಲಿಯಿತು? ಏನ್ಸ್‌ವರ್ತ್ ತಂಡ ಮನೆಗಳಲ್ಲಿ ಮೊದಲ ವರ್ಷವಿಡೀ ನೋಡಿದ್ದರಲ್ಲಿ ಸುಳಿವಿದೆ. ಮಗುವಿನ ಸನ್ನೆ ಗಮನಿಸಿ, ಅರ್ಥ ಮಾಡಿಕೊಂಡು, ಬೇಗ ಓಗೊಡುವ ತಾಯಂದಿರ ಮಕ್ಕಳಲ್ಲಿ ಸುರಕ್ಷಿತ ಬಾಂಧವ್ಯ ಜಾಸ್ತಿ ಕಂಡಿತು. ಅತ್ತಾಗ ತಾಯಿ ಬೇಗ ಓಗೊಡುತ್ತಿದ್ದರೆ, ಅಂಥ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು. 'ಅತ್ತಾಗೆಲ್ಲ ಎತ್ತಿಕೊಂಡರೆ ಅದೇ ಅಭ್ಯಾಸ ಆಗುತ್ತೆ' ಎಂದು ಬಾಣಂತಿಗೆ ಹೇಳುವವರು ಇದನ್ನು ತಿಳಿದರೆ ಎಷ್ಟು ಒಳ್ಳೆಯದು!

ಇನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಅವರ ಪ್ರಯೋಗ. ತಾಯಿ ಎರಡು ನಿಮಿಷ ಮುಖದಲ್ಲಿ ಭಾವವೇ ಇಲ್ಲದೆ ಕೂತರೆ ಕೂಸು ನಗುತ್ತದೆ, ಕೈ ಚಾಚುತ್ತದೆ, ಕೊನೆಗೆ ಸೋತು ಮುಖ ತಿರುಗಿಸುತ್ತದೆ. ಆದರೆ ಅವರ ಅಧ್ಯಯನಗಳ ಇನ್ನೊಂದು ಮಾತು ನನಗೆ ಹೆಚ್ಚು ಹಿಡಿಸಿತು. ಚೆನ್ನಾಗಿ ನೋಡಿಕೊಳ್ಳುವ ತಾಯಿ-ಮಗುವಿನ ನಡುವೆಯೂ ತಾಳ ಆಗಾಗ ತಪ್ಪುತ್ತಲೇ ಇರುತ್ತದೆ. ತಪ್ಪಿದ್ದನ್ನು ಮತ್ತೆ ಸರಿಮಾಡಿಕೊಳ್ಳುತ್ತಾ ಹೋದಾಗಲೇ ಮಗುವಿಗೆ ನಂಬಿಕೆ ಬೆಳೆಯುವುದು. ಸುಸ್ತಾಗಿ ಒಮ್ಮೆ ರೇಗಿದ ಅಮ್ಮನೋ ಅಪ್ಪನೋ ಅಜ್ಜಿಯೋ ಸ್ವಲ್ಪ ಹೊತ್ತಿಗೆ ಬಂದು 'ಬಾ ಕಂದ' ಎಂದು ಎತ್ತಿಕೊಳ್ಳುತ್ತಾರಲ್ಲ, ಈ ಪಾಠ ಹೇಳುವ ಸರಿಮಾಡಿಕೊಳ್ಳುವಿಕೆ ಅದೇ.